ಗಂಟಲು ಕೇಳುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮ ತೀರಿಕೊಂಡ ಸುದ್ದಿ ಹೇಳಿದವನು ಕಲ್ಪೆಟ್ಟ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವನು. ಅವನ ಹೊಟ್ಟೆಯ ಆಪರೇಷನ್ನಿಗೂ ಅವರೇ ಮತ್ತಿನ ಮದ್ದು ಕೊಟ್ಟಿದ್ದರಂತೆ.

"ಕುಯ್ದ ಡಾಕ್ಟರ ಮುಖ ಮರೆತೇ ಹೋಯ್ತು. ಆ ಅಮ್ಮನ ಮುಖ ಮಾತ್ರ ಕಣ್ಣಿಗೆ ಕಟ್ಟಿದಂಗೆ ಉಂಟು. ಎಚ್ಚರ ಆಯ್ತೋ ಇಲ್ಲವೋ, ಬಂದು ಕೂತು ಗಂಟಲು ಹೇಗುಂಟು ಅಂತಾರೆ. ಕುಯ್ದಿದ್ದು ಹೊಟ್ಟೆ, ಇವರು ಕೇಳೋದು ಗಂಟಲು. ನಾನು ಇವರಿಗೇ ಮತ್ತು ಏರಿರಬೇಕು ಅಂದ್ಕೊಂಡೆ" ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ನನ್ನ ಅಕ್ಕ ಮೊದಲೇ ಹೋಗಿದ್ದಾಳೆ. ಈಗ ಇವರೂ ಹೋದರು. ಒಂದು ಬೆಳಿಗ್ಗೆ ಆ ಆಸ್ಪತ್ರೆಯ ಜಗಲಿಯಲ್ಲಿ ನಾನು ಮಾಡಿದ್ದೇನು ಎಂದು ತಿಳಿದವರಲ್ಲಿ ಉಳಿದವನು ಹೆಚ್ಚುಕಡಿಮೆ ನಾನೊಬ್ಬನೇ. ಹೊಳೆಯಾಚೆಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿಗೇ ಬಿಟ್ಟವನು ನಾನು. ಆದರೂ ಇದನ್ನು ನಾನೇ ಬರೆಯಬೇಕು.

ಅವರು ತಿರುವನಂತಪುರದ ಕಡೆಯವರು. ಗಿಡ್ಡ ಆಳು. ಕೈಗೆ ಗಂಡಸರ ವಾಚು ಕಟ್ಟುತ್ತಿದ್ದರು. ಒಂದು ಚಿಕ್ಕ ಮರದ ಮಣೆ ಸದಾ ಅವರ ಜೊತೆಗಿರುತ್ತಿತ್ತು. ಆಪರೇಷನ್ ಕೋಣೆಯಲ್ಲಿ ಎತ್ತರ ಸಾಲದಾಗ ಅದರ ಮೇಲೆ ನಿಲ್ಲುತ್ತಿದ್ದರಂತೆ. ವಾರ್ಡಿನಲ್ಲಿ ಅದನ್ನೇ ಮಂಚದ ಪಕ್ಕ ಹಾಕಿಸಿಕೊಂಡು ಕೂರುತ್ತಿದ್ದರು. ಕೂತರೆ ಅವರ ಕಿವಿ ಮಲಗಿದವರ ಬಾಯಿಯ ಮಟ್ಟಕ್ಕೆ ಬರುತ್ತಿತ್ತು. "ನೋವಿರೋ ಗಂಟಲಿಂದ ಯಾರೂ ಮಾತು ಎತ್ತಿ ಆಡಬಾರದು. ಕೇಳೋವನು ಬಗ್ಗಬೇಕು" ಎನ್ನುತ್ತಿದ್ದರು. ಅವರು ಆಡುತ್ತಿದ್ದುದು ಮಲಯಾಳ. ಅದನ್ನು ನಾನಿಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇನೆ. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ನಾಲ್ಕೇ ಮಾತು: ಬಾಯಿ ತೆರಿ, ನುಂಗು, ಉಗುಳು, ಸುಮ್ಮನಿರು.

ಮಲಯಾಳದಲ್ಲಿ ಗಂಟಲಿಗೆ ತೊಂಡ ಎನ್ನುತ್ತಾರೆ. ಅವರು ಬಂದು "ತೊಂಡ ಹೇಗುಂಟು?" ಎಂದರೆ ನಮ್ಮ ಕಡೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಬಲಿತು ಹೋಗೈತೆ ಡಾಕ್ಟ್ರವ್ವಾ, ಪಲ್ಯಕ್ಕಾಗಕಿಲ್ಲ" ಎಂದಳು ಒಬ್ಬಾಕೆ. ಯಾಕೆ ನಗುತ್ತಾರೆ ಎಂದು ವಿಚಾರಿಸಿ ತಿಳಿದುಕೊಂಡ ಮೇಲೂ ಅವರು ಆ ಮಾತನ್ನು ಬಿಡಲಿಲ್ಲ. ನಕ್ಕರೆ ಗಂಟಲು ಎಷ್ಟು ತೆರೆಯುತ್ತದೆ ಎಂದು ನೋಡಬಹುದಲ್ಲ ಎಂದರು.

ಅವರ ಕೆಲಸ ಆಪರೇಷನ್ನಿಗೆ ಮೊದಲು ರೋಗಿಗೆ ಮತ್ತು ಕೊಡುವುದು. ಮತ್ತಿನಲ್ಲಿ ಉಸಿರು ಕಟ್ಟದಿರಲಿ ಎಂದು ಬಾಯೊಳಗಿಂದ ಉಸಿರುನಾಳದವರೆಗೆ ಒಂದು ಕೆಂಪು ರಬ್ಬರಿನ ಕೊಳವೆ ಇಳಿಸುತ್ತಿದ್ದರು. ಅದರ ತುದಿಯಲ್ಲಿ ಪುಟ್ಟ ಬಲೂನಿನಂಥದ್ದು. ಗಾಳಿ ತುಂಬಿದರೆ ಉಬ್ಬಿ ಆಚೀಚೆ ಸೋರದಂತೆ ಕೂರುತ್ತದೆ. ರೋಗಿ ಎದ್ದ ಮೇಲೆ ಗಂಟಲು ಕೆರೆದು ಉರಿಯುವುದು ಈ ಕೊಳವೆಯಿಂದಲೇ. ಬೇರೆ ಡಾಕ್ಟರು ಅದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಜೀವ ಉಳಿಯಿತಲ್ಲ, ಗಂಟಲು ನಾಳೆ ನಾಡಿದ್ದು ಸರಿಹೋಗುತ್ತದೆ ಎನ್ನುತ್ತಿದ್ದರು. ಡಾಕ್ಟರಮ್ಮ ಒಪ್ಪುತ್ತಿರಲಿಲ್ಲ. "ಕುಯ್ದ ಜಾಗ ನೊಂದರೆ ಜನ ತಡ್ಕೊಳ್ತಾರೆ. ಕುಯ್ಯದ ಜಾಗ ನೊಂದರೆ ನಮಗೇನೋ ಮೋಸ ಮಾಡಿದಾರೆ ಅಂದ್ಕೊಳ್ತಾರೆ. ಅವರು ಅಂದ್ಕೊಳ್ಳೋದೂ ಸರಿಯೇ" ಎಂದು ಅವರು ಒಮ್ಮೆ ಅಕ್ಕನಿಗೆ ಹೇಳಿದ್ದು ನನ್ನ ಕಿವಿಯಲ್ಲೇ ಇದೆ.

ಅಕ್ಕನ ವಿಷಯ ಹೇಳಬೇಕು.

ನಮ್ಮದು ಕೊಳವಳ್ಳಿ, ಕಬಿನಿಯ ದಡ. ಅಜ್ಜನ ಕಾಲದಲ್ಲಿ ಹೆಗ್ಗಡದೇವನಕೋಟೆ ಕಡೆಯಿಂದ ಹೊಳೆ ದಾಟಿ ಬಂದವರು. ಜನ್ಮಿ, ಅಂದರೆ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದೆವು. ಗೇಣಿ ಮಾಡುವವನಿಗೇ ಗದ್ದೆ ಎಂಬ ಕಾನೂನು ಬಂದಾಗ, ಗೇಣಿ ಕೊಟ್ಟಿದ್ದೇವೆ ಎಂದು ಸಾಧಿಸುವ ಕೆಲಸ ನಮ್ಮ ತಲೆಗೆ ಬಿತ್ತು. ರಸೀದಿ ಎಂಬುದನ್ನು ನಾವು ಕಂಡವರಲ್ಲ. ಒಡೆಯರ ಕಾರ್ಯಸ್ಥ ನಮ್ಮನ್ನು ಕೂಲಿಯವರು ಎಂದು ಬರೆಸಿದ. ಕೂಲಿಯವರಾದರೆ ಗುಡಿಸಲು ನಿಂತ ತುಂಡು ಜಾಗ ಮಾತ್ರ, ಗದ್ದೆ ಇಲ್ಲ.

ಅಪ್ಪ ಸತ್ತ ಮೇಲೆ ಒಡೆಯರ ಅಂಗಳಕ್ಕೆ ಗೇಣಿ ಭತ್ತ ಹೊತ್ತುಕೊಂಡು ಹೋಗುತ್ತಿದ್ದವಳು ಅಕ್ಕ. ಗಂಡ ತೀರಿದ ಮೇಲೆ ಅವಳು ನಮ್ಮ ಮನೆಗೇ ಬಂದಿದ್ದಳು. ಆ ವರ್ಷಗಳಲ್ಲಿ ನಾನು ಕೊಡಗಿನ ಕಾಫಿ ತೋಟದಲ್ಲಿದ್ದೆ. ಭತ್ತವನ್ನು ಪರೆ ಎಂಬ ಕೊಳಗದಲ್ಲಿ ಅಳೆದು ಕಣಜಕ್ಕೆ ಸುರಿಯುವಾಗ ಎಣಿಕೆಯನ್ನು ಗೇಣಿದಾರನೇ ಗಟ್ಟಿಯಾಗಿ ಕೂಗಬೇಕು. ಕೂಲಿಯವರಿಗೆ ಅಳೆದು ಕೊಡುವಾಗ ಯಾರೂ ಕೂಗುವುದಿಲ್ಲ, ಸೆರಗಿಗೆ ಸುರಿದು ಕಳಿಸುತ್ತಾರೆ. ಯಾರು ಗೇಣಿದಾರ, ಯಾರು ಕೂಲಿ ಎಂದು ನಮ್ಮ ಕಡೆ ತಿಳಿಯುತ್ತಿದ್ದದ್ದು ಹಾಗೆ. ಅಕ್ಕ ಎಣಿಕೆ ಕೂಗಿದರೆ ಕಡವಿನಲ್ಲಿ ದೋಣಿಯವನಿಗೂ ಕೇಳುತ್ತಿತ್ತಂತೆ. ನಮ್ಮ ಹತ್ತಿರ ಇದ್ದ ರಸೀದಿ ಎಂದರೆ ಅವಳ ಗಂಟಲು.

ಅದೇ ಗಂಟಲಲ್ಲಿ ಗಳಗಂಡ ಬೆಳೆಯಿತು. ನಿಂಬೆಹಣ್ಣಿನಷ್ಟಿದ್ದದ್ದು ಚಕ್ಕೋತದಷ್ಟಾಯಿತು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳು. ಇನ್ನು ತಡ ಮಾಡುವ ಹಾಗಿಲ್ಲ ಎಂದರು ಆಸ್ಪತ್ರೆಯಲ್ಲಿ. ಜಮೀನಿನ ವಿಚಾರಣೆ ಮುಂದಿನ ವಾರವೇ ಇತ್ತು. ಮಾತು ಬರುತ್ತದೆಯೇ ಎಂದು ನಾನು ಕೊಯ್ಯುವ ಡಾಕ್ಟರನ್ನು ಕೇಳಿದೆ. ಎರಡು ಮೂರು ದಿನದಲ್ಲಿ ಬರುತ್ತದೆ ಎಂದರು.

ಅದು ಎಂಥ ಕಾಲ ಎಂದರೆ, ತಿರುನೆಲ್ಲಿ ಕಡೆಯ ಕಾಡಿನಲ್ಲಿ ನಕ್ಸಲೈಟರನ್ನು ಹುಡುಕುತ್ತ ಪೊಲೀಸರು ಬೀಡುಬಿಟ್ಟಿದ್ದರು. ಸಂಜೆಯಾದರೆ ಒಡೆಯರ ಮನೆಗಳ ಬಾಗಿಲು ಮುಚ್ಚುತ್ತಿದ್ದವು, ಪಣಿಯರೆಂಬ ಆದಿವಾಸಿಗಳ ಹಾಡಿಗಳಲ್ಲಿ ಒಲೆ ಆರುತ್ತಿತ್ತು. ಯಾರು ಯಾರ ಮನೆಗೆ ಹೋದರು, ಯಾರ ಜೊತೆ ಬೀಡಿ ಸೇದಿದರು ಎಂಬುದನ್ನೆಲ್ಲ ಯಾರೋ ನೋಡುತ್ತಿದ್ದರು. ನಾವು ಆಸ್ಪತ್ರೆಗೆ ಹೊರಟ ದಿನ ಬಸ್ಸನ್ನು ನಿಲ್ಲಿಸಿ ಗಂಟುಮೂಟೆ ಬಿಚ್ಚಿಸಿದರು. ನನ್ನ ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ತಂಬಿಗೆ ಇತ್ತು.

"ಇದೆಂಥದು?" ಎಂದ ಪೊಲೀಸು.

"ಹೊಳೆ ನೀರು ಸಾರ್. ಕಬಿನಿದು."

"ಆಸ್ಪತ್ರೇಲಿ ನೀರಿಲ್ಲವಾ?"

ನಮ್ಮವರು ಊರು ಬಿಟ್ಟು ಹೋಗಿ ಕಾಯಿಲೆ ಮಲಗಿದರೆ ಹೊಳೆ ನೀರು ಜೊತೆಗಿರಬೇಕು. ಬೇರೆಯವರು ತುಂಬಿಟ್ಟ ನೀರು ಕುಡಿಯುವುದಿಲ್ಲ. ಅವನು ಮೂಸಿ ನೋಡಿದ. ಆಮೇಲೆ "ನೀನೇ ಕುಡಿ" ಎಂದ. ಬಸ್ಸಿನವರೆಲ್ಲ ನೋಡುತ್ತಿರುವಾಗ ನಾನು ಎರಡು ಗುಟುಕು ಕುಡಿದು ತೋರಿಸಿದೆ. ನನಗೆ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಬಿಟ್ಟ. ಅಕ್ಕ ಸೀಟಿನಿಂದ, "ಪುಣ್ಯಕ್ಕೆ ನೀರು ಕನ್ಲಾ. ಹುಚ್ಚೆಳ್ಳೆಣ್ಣೆ ಆಗಿದ್ರೆ ಏನ್ಮಾಡ್ತಿದ್ದೆ?" ಎಂದಳು. ಉಸಿರು ಸಿಕ್ಕಿಕೊಳ್ಳುತ್ತಿದ್ದರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರಮ್ಮ ಮಣೆ ಹಾಕಿಸಿಕೊಂಡು ಅಕ್ಕನ ಹತ್ತಿರ ಕೂತರು. ಕೊಳವೆಯನ್ನೇ ತಂದು ಅವಳ ಕೈಗೆ ಕೊಟ್ಟರು. "ನಾಳೆ ಇದು ನಿನ್ನ ಗಂಟಲಲ್ಲಿ ಇರ್ತದೆ. ನೋಡ್ಕೋ" ಎಂದರು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಹಸುವಿನ ಕೊರಳ ಹಗ್ಗ ಇದ್ದಂಗೈತೆ" ಎಂದಳು. ನಾನು ಅರ್ಥ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ಇದಕ್ಕಿಂತ ಸಣ್ಣದೊಂದು ಇದೆ, ನಿನಗೆ ಅದನ್ನೇ ಹಾಕುತ್ತೇನೆ ಎಂದರು. ವಿಚಾರಣೆಯ ಸಂಗತಿಯನ್ನು ನಾನು ಅವರಿಗೆ ಹೇಳಿದ್ದೆ. ಎಣಿಕೆ ಹೇಗೆ ಕೂಗುತ್ತಾರೆ ಎಂದು ಅವರು ಕೇಳಿದರು. ಅಕ್ಕ ಸಣ್ಣ ದನಿಯಲ್ಲಿ ನಡುವಿನ ಎಣಿಕೆ ಒಂದಿಷ್ಟು ಕೂಗಿ ತೋರಿಸಿದಳು. ಗಡ್ಡೆಯ ಅಡಿಯಿಂದಲೂ ಆ ದನಿ ವಾರ್ಡಿನ ಕೊನೆಯವರೆಗೆ ಹೋಯಿತು.

ಆಮೇಲೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ನಾಳೆ ಬೆಳಿಗ್ಗೆ ಆಯಾ ಅತಿಮಧುರದ ಕಷಾಯ ತಂದುಕೊಡ್ತಾಳೆ. ಒಳಗೆ ಕರೆಯೋದಕ್ಕೆ ಸ್ವಲ್ಪ ಮುಂಚೆ ಅಕ್ಕನ ಬಾಯಿಗೆ ಹಾಕು. ತಲೆ ಹಿಂದಕ್ಕೆ ಮಾಡಿ ಗಂಟಲಲ್ಲಿ ಗಳಗಳ ಅನ್ನಿಸಿ ಉಗುಳಬೇಕು. ಲೋಟ ಖಾಲಿ ಆಗೋವರೆಗೂ. ನುಂಗಬಾರದು, ಹೊಟ್ಟೆ ಖಾಲಿ ಇರಬೇಕು. ಇದು ನಿನ್ನ ಕೆಲಸ. ಉಳಿದದ್ದು ನನ್ನದು."

ಅತಿಮಧುರವೆಂದರೆ ಹಾಡುವವರು ಬಾಯಲ್ಲಿ ಇಟ್ಟುಕೊಳ್ಳುವ ಸಿಹಿ ಬೇರು, ಜ್ಯೇಷ್ಠಮಧು. ಅವರ ಅಜ್ಜಿ ಅದನ್ನು ಕುದಿಸಿ ಗಂಟಲಿಗೆ ಕೊಡುತ್ತಿದ್ದರಂತೆ. ಡಾಕ್ಟರಮ್ಮ ಆಗಷ್ಟೇ ಅದನ್ನು ಆಪರೇಷನ್ನಿಗೆ ಮೊದಲು ಕೊಟ್ಟು ನೋಡಲು ಶುರುಮಾಡಿದ್ದರು. ಗಂಟಲು ಉರಿಯುವವರು ಕಡಿಮೆಯಾದಂತೆ ಅವರಿಗೆ ಕಾಣುತ್ತಿತ್ತು. ಕೊಯ್ಯುವ ಡಾಕ್ಟರು ಅವರನ್ನು ನಾಟಿ ವೈದ್ಯರಮ್ಮ ಎಂದು ಚುಡಾಯಿಸುತ್ತಿದ್ದರು.

ಕಷಾಯ ಕುದಿಸುತ್ತಿದ್ದ ಆಯಾ ಪಣಿಯರ ಹೆಂಗಸು. ಡಾಕ್ಟರಮ್ಮನ ಮಣೆ ಹೊತ್ತು ಹಿಂದೆ ತಿರುಗುತ್ತಿದ್ದವಳೂ ಅವಳೇ. ನಮ್ಮ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಅವಳ ಜನವೇ. ಅವರು ನೆಟ್ಟ ಭತ್ತದ ಅನ್ನ ಉಣ್ಣುತ್ತಿದ್ದೆವು, ಅವರ ಕೈಯ ನೀರು ಕುಡಿಯುತ್ತಿರಲಿಲ್ಲ. ಅದು ತಪ್ಪು ಎಂದಾಗಲಿ ಸರಿ ಎಂದಾಗಲಿ ಯಾರೂ ಯೋಚಿಸುತ್ತಿರಲಿಲ್ಲ. ಅವಳ ಅಣ್ಣನ ಮಗನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ, ಅವನು ಕಾಡಿನವರಿಗೆ ಅಕ್ಕಿ ಹೊತ್ತವನು ಎಂದು ವಾರ್ಡಿನಲ್ಲಿ ಗುಸುಗುಸು ಇತ್ತು.

ಆ ಬೆಳಿಗ್ಗೆ ನಾನು ಬಾವಿಯ ಕಡೆ ಹೋದಾಗ ಅಡುಗೆಕೋಣೆಯ ಹಿಂದೆ ಅವಳು ನಿಂತಿದ್ದಳು. ಅವಳ ಎದುರು ನಮ್ಮ ಒಡೆಯರ ಕಾರ್ಯಸ್ಥ. ಅವನು ಸೊಂಟದ ಚೀಲದಿಂದ ವೀಳ್ಯದೆಲೆ ತೆಗೆದು ಅವಳಿಗೆ ಕೊಟ್ಟ. ಅವಳು ಮಡಿಲಿಗೆ ಸೇರಿಸಿಕೊಂಡಳು. ಅವನು ಏನೋ ಹೇಳಿ ನಮ್ಮ ವಾರ್ಡಿನ ಕಡೆ ಕೈ ತೋರಿಸಿದ.

ವಿಚಾರಣೆಗೆ ಒಂದು ವಾರ. ಸಾಕ್ಷಿ ಒಬ್ಬಳೇ. ಅವಳ ಬಾಯಿಗೆ ಹೋಗುವ ಕಷಾಯ ಈ ಹೆಂಗಸಿನ ಕೈಯಲ್ಲಿ. ಇವಳ ಅಣ್ಣನ ಮಗ ಒಡೆಯರ ವಿರುದ್ಧ ಕಾಡಿನವರ ಜೊತೆ ಸೇರಿದವನಾದರೆ ಇವಳು ಒಡೆಯರ ಕೆಲಸ ಯಾಕೆ ಮಾಡುತ್ತಾಳೆ ಎಂದು ನಾನು ಕೇಳಿಕೊಳ್ಳಲಿಲ್ಲ. ಆ ಎರಡನ್ನೂ ಒಟ್ಟಿಗೆ ನಂಬಿದೆ. ಆ ಕಾಲದಲ್ಲಿ ನಂಬುವುದಕ್ಕೆ ಅಷ್ಟೇ ಸಾಕಿತ್ತು.

ಆಯಾ ಲೋಟದ ಮೇಲೆ ತಟ್ಟೆ ಮುಚ್ಚಿಕೊಂಡು ಬಂದಳು. "ಮೋನೇ, ಇದೋ ಡಾಕ್ಟರಮ್ಮ ಹೇಳಿದ್ದು. ಬೆಚ್ಚಗುಂಟು. ಆರೋದಕ್ಕೆ ಬಿಡಬೇಡ."

"ಶರಿ" ಎಂದೆ.

ಅವಳು ಹೋಗುವವರೆಗೆ ಕಾದೆ. ಜಗಲಿಯ ತುದಿಗೆ ಹೋಗಿ ಕಷಾಯವನ್ನು ಮೋರಿಗೆ ಸುರಿದೆ. ಸಿಹಿ ವಾಸನೆ ಮೇಲೆದ್ದಿತು. ಲೋಟವನ್ನು ತೊಳೆದು ತಂಬಿಗೆಯಿಂದ ಹೊಳೆ ನೀರು ತುಂಬಿದೆ. ಅಕ್ಕ ತಲೆ ಹಿಂದಕ್ಕೆ ಹಾಕಿ ಗಳಗಳ ಅನ್ನಿಸಿ ಉಗುಳಿದಳು. ಮತ್ತೊಂದು ಗುಟುಕು ಹಾಕಿದೆ. ಉಗುಳಿ ನನ್ನ ಕಡೆ ನೋಡಿದಳು.

"ಏನ್ಲಾ ಇದು? ನಮ್ಮ ಹೊಳೆ ನೀರು ಇದ್ದಂಗೈತಲ್ಲ."

"ಕಷಾಯ ಸಪ್ಪೆ ಇರ್ತದಂತೆ ಅಕ್ಕ."

"ಅತಿಮಧುರ ಅಂದ್ರು?"

"ಹೆಸರಿಗೆ ಮಧುರ."

ಅವಳು ಉಗುಳುತ್ತ ಲೋಟ ಮುಗಿಸಿದಳು. ಗಾಲಿಮಂಚ ತಳ್ಳಿಕೊಂಡು ಬಂದಾಗ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಆಯ್ತಾ? ಪೂರ್ತಿ?"

"ಪೂರ್ತಿ" ಎಂದೆ.

ಅವರು ಖಾಲಿ ಲೋಟ ನೋಡಿ ತಲೆಯಾಡಿಸಿದರು. ನಾನು ಚೆನ್ನಾಗಿ ಕೆಲಸ ಮಾಡಿದ್ದೇನೆ ಎಂಬ ಸಂತೋಷ ಅವರ ಮುಖದಲ್ಲಿತ್ತು.

ಒಳಗೆ ಏನಾಯಿತು ಎಂದು ಆಮೇಲೆ ಆಯಾ ಹೇಳಿ ತಿಳಿಯಿತು. ಕೊಳವೆಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ತಮ್ಮ ಕೆನ್ನೆಗೆ ಒತ್ತಿ ನೋಡಿ ಇಳಿಸಿದರಂತೆ. ಬಲೂನಿಗೆ ಗಾಳಿ ತುಂಬುವಾಗ ಅಕ್ಕನ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದರಂತೆ. ಗಾಳಿ ಸೋರುವ ಸದ್ದು ನಿಂತ ಕೂಡಲೆ ಸಾಕು ಎಂದರಂತೆ. ಹೆಚ್ಚಿಗೆ ತುಂಬಿದರೆ ಒಳಗೆ ಒತ್ತಿ ಹುಣ್ಣಾಗುತ್ತದೆ. ಅವರು ತಮ್ಮ ಪಾಲಿನದನ್ನು ಪೂರ್ತಿ ಮಾಡಿದ್ದರು.

ಅಕ್ಕನಿಗೆ ಎಚ್ಚರವಾಯಿತು. ಗಡ್ಡೆ ಹೋಗಿತ್ತು, ಉಸಿರು ಸರಾಗವಾಗಿತ್ತು. ಆದರೆ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಎಂಜಲು ನುಂಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಕೊಯ್ದ ಡಾಕ್ಟರು ಕನ್ನಡಿ ಹಾಕಿ ನೋಡಿ, ಸ್ವರದ ನರಕ್ಕೆ ಏನೂ ಆಗಿಲ್ಲ, ಗಂಟಲ ಒಳಗೆಲ್ಲ ಕೆಂಪಗೆ ಊದಿದೆ, ಕೊಳವೆ ತಾಗಿದ್ದು ಎಂದರು. ಡಾಕ್ಟರಮ್ಮ ದಿನಾ ಬಂದು ಮಣೆಯ ಮೇಲೆ ಕೂರುತ್ತಿದ್ದರು. ಮಾತಾಡಿಸುತ್ತಿರಲಿಲ್ಲ. ಚಮಚದಲ್ಲಿ ನೀರು ಹಾಕಿ ಅಕ್ಕ ನುಂಗುವುದನ್ನೇ ನೋಡುತ್ತಿದ್ದರು. ಅವಳ ಹುಬ್ಬು ಗಂಟಾದರೆ ಅವರ ಹುಬ್ಬೂ ಗಂಟಾಗುತ್ತಿತ್ತು. ಒಂದು ದಿನ ನನ್ನ ಕಡೆ ತಿರುಗಿ, "ನನ್ನ ಕೈ ಎಲ್ಲೋ ಒರಟಾಯ್ತು ತಮ್ಮಾ. ಕಷಾಯವೂ ಕೈಬಿಟ್ಟಿತು" ಎಂದರು.

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಅಷ್ಟರಲ್ಲಿ ಕಾರ್ಯಸ್ಥ ಯಾಕೆ ಬಂದಿದ್ದ ಎಂದೂ ನನಗೆ ಗೊತ್ತಾಗಿತ್ತು. ಅವನ ಸೊಸೆ ಹೆರಿಗೆಗೆ ಪಕ್ಕದ ವಾರ್ಡಿನಲ್ಲಿದ್ದಳು. ಬಿಸಿನೀರು ಎಲ್ಲಿಗೆ ತಂದುಕೊಡಬೇಕು ಎಂದು ಆಯಾಗೆ ಕೈ ತೋರಿಸಿ ಹೇಳಿದ್ದ. ನಾನು ಬಾಯಿ ಬಿಡಲಿಲ್ಲ. ಅಕ್ಕ ದಿಂಬಿಗೆ ಒರಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ವಿಚಾರಣೆಯ ದಿನ ಕಚೇರಿಯ ಹೊರಗೆ ಪೊಲೀಸು ವ್ಯಾನು ನಿಂತಿತ್ತು. ಒಳಗೆ ಆಫೀಸರು, ಗುಮಾಸ್ತ, ಕಾರ್ಯಸ್ಥ, ನಾವಿಬ್ಬರು. ಅಕ್ಕ ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಗೇಣಿ ಹೇಗೆ ಕೊಡುತ್ತಿದ್ದಿರಿ, ಹೇಳಿ ಎಂದರು ಆಫೀಸರು. ಅವಳು ಬಾಯಿ ತೆರೆದಳು. ತಿದಿಯ ಸದ್ದಿನಂಥ ಸದ್ದು ಬಂತು.

"ಜೋರಾಗಿ."

ಅವಳು ಮತ್ತೆ ಪ್ರಯತ್ನಿಸಿದಳು. ಕೆಮ್ಮು ಬಂದು ಬಾಗಿದಳು.

"ಚೇಚ್ಚಿಗೆ ಸ್ವರ ಇಲ್ಲ ಸಾರ್, ಪಾಪ" ಎಂದ ಕಾರ್ಯಸ್ಥ. "ಗೇಣಿ ಕೊಟ್ಟಿದ್ದರಲ್ಲವಾ ಹೇಳೋದಕ್ಕೆ."

ಇನ್ನೊಂದು ದಿನ ಕೊಡಿ ಎಂದು ನಾನು ಕೇಳಿದೆ. ಆಫೀಸರು ಗೋಡೆಯ ಪಕ್ಕ ಕಾಯುತ್ತಿದ್ದವರ ಸಾಲು ತೋರಿಸಿದರು. "ನೀನು ತಮ್ಮ ಅಲ್ಲವಾ? ನೀನೇ ಹೇಳು."

ನಾನು ಹೇಳಿದೆ. ಭತ್ತ ಅಳೆದೆವು, ಕಣಜಕ್ಕೆ ಸುರಿದೆವು, ಎಣಿಕೆ ನಾವೇ ಕೂಗಿದೆವು ಎಂದೆ. ಕಾರ್ಯಸ್ಥ ಕೇಳಿಸಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಲು ಅಪ್ಪಣೆ ಬೇಡಿದ.

"ನಮ್ಮ ಅಂಗಳದಲ್ಲಿ ಮೊದಲನೇ ಪರೆಗೆ ಏನಂತ ಕೂಗ್ತಾರೆ?"

ಇದು ನನಗೆ ಗೊತ್ತಿತ್ತು. ಊರಲ್ಲಿ ಯಾರೂ ಅಳತೆಯನ್ನು ಒಂದು ಎಂದು ಶುರುಮಾಡುವುದಿಲ್ಲ.

"ಲಾಭ" ಎಂದೆ.

ಅಕ್ಕ ನನ್ನ ಅಂಗಿ ಹಿಡಿದು ಜಗ್ಗಿದಳು. ತಲೆ ಅಲ್ಲಾಡಿಸಿದಳು. ತುಟಿ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿದಳು. ಸದ್ದು ಬರಲಿಲ್ಲ.

"ಲಾಭ ಎರಡನೇದು ಸಾರ್" ಎಂದ ಕಾರ್ಯಸ್ಥ. "ನಮ್ಮ ಮನೇಲಿ ಮೊದಲ ಪರೆ ಭಗವತಿಗೆ. ಅಮ್ಮನಿಗೆ ಅಂತ ಕೂಗಿ ಬೇರೆ ಇಡ್ತಾರೆ, ಆಮೇಲೆ ಲಾಭ. ಒಂದು ವರ್ಷ ಗೇಣಿ ಅಳೆದವನಿಗೂ ಇದು ಗೊತ್ತು."

ಅಕ್ಕ ಹೇಳಲು ಹೆಣಗುತ್ತಿದ್ದದ್ದು ಅದನ್ನೇ. ನಾನು ಆ ಅಂಗಳದಲ್ಲಿ ಒಂದು ದಿನವೂ ನಿಂತವನಲ್ಲ. ಆಫೀಸರು ನನ್ನನ್ನು ನೋಡಿದರು. ಅಕ್ಕನನ್ನು ನೋಡಲಿಲ್ಲ. ನಮಗೆ ಗುಡಿಸಲು ನಿಂತ ಹತ್ತು ಸೆಂಟು ಸಿಕ್ಕಿತು. ಗದ್ದೆ ಒಡೆಯರಿಗೇ ಉಳಿಯಿತು. ಮುಂದಿನ ವರ್ಷ ಅವರು ಅದನ್ನು ತೆಂಕಣದಿಂದ ಬಂದ ಒಬ್ಬರಿಗೆ ಮಾರಿದರು. ಅಕ್ಕ ಅದೇ ಗದ್ದೆಯಲ್ಲಿ ಕೂಲಿಗೆ ಹೋದಳು. ಕಾರ್ಯಸ್ಥ ಬರೆಸಿದ್ದು ಹಾಗೆ ನಿಜವಾಯಿತು.

ಅವಳ ದನಿ ನಿಧಾನವಾಗಿ ಬಂತು. ಪೂರ್ತಿಯಾಗಿಯೇ ಬಂತು. ಆದರೆ ಆ ದನಿಯಲ್ಲಿ ಅವಳು ಮತ್ತೆ ಏನನ್ನೂ ಎಣಿಸಿದ್ದನ್ನು ನಾನು ಕೇಳಲಿಲ್ಲ.

ಹೊಲಿಗೆ ತೋರಿಸಲು ಅವಳನ್ನು ಕರೆದುಕೊಂಡು ಹೋದಾಗ ಅಡುಗೆಕೋಣೆಯ ಹೊರಗೆ ಆಯಾ ಸಿಕ್ಕಳು. ಕಷಾಯ ಕುದಿಸುತ್ತಿದ್ದ ಪಾತ್ರೆಯಲ್ಲಿ ಬಟ್ಟೆ ನೆನೆಹಾಕಿದ್ದಳು. "ಡಾಕ್ಟರಮ್ಮ ಇನ್ನು ಬೇಡ ಅಂದರು ಮೋನೇ. ನಿನ್ನ ಅಕ್ಕನಿಗೆ ಸರಿಯಾಗಿ ಕೊಟ್ಟೂ ಹಿಡೀಲಿಲ್ಲ ಅಂದ ಮೇಲೆ ಅದು ಬರೀ ಅಜ್ಜಿ ಮದ್ದು ಅಂದರು. ಕುಯ್ಯೋ ಡಾಕ್ಟರ್ ನಕ್ಕರು. ಅವರು ನಗಲಿಲ್ಲ." ನಾನು ಹೊರಡಲು ತಿರುಗಿದೆ. "ನಾನು ಚೆನ್ನಾಗೇ ಕುದಿಸಿದ್ದೆ" ಎಂದು ಅವಳೇ ಮತ್ತೆ ಹೇಳಿದಳು, ನಾನು ಕೇಳದಿದ್ದರೂ.

ಕೆಲವು ವರ್ಷಗಳ ಮೇಲೆ ನನಗೇ ಹೊಟ್ಟೆಯ ಆಪರೇಷನ್ ಆಯಿತು. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ನನ್ನನ್ನು ಗುರುತು ಹಿಡಿದು ಮೊದಲು ಕೇಳಿದ್ದು ಅಕ್ಕನ ಗಂಟಲನ್ನು. ಎಚ್ಚರವಾದಾಗ ನನಗೆ ಮುಳ್ಳುಕಂಟಿ ನುಂಗಿದಂತೆ ಇತ್ತು. ನೀರು ಇಳಿಯುತ್ತಿರಲಿಲ್ಲ. ಅವರು ಮಣೆ ಹಾಕಿಸಿಕೊಂಡು ಕೂತರು.

"ತೊಂಡ ಹೇಗುಂಟು?"

ನನಗೆ ಇದು ಬರಬೇಕಾದದ್ದೇ ಎನಿಸಿತು. ಅನುಭವಿಸಿ ತೀರಿಸೋಣ ಎನಿಸಿತು. "ಏನೂ ಇಲ್ಲ ಡಾಕ್ಟರಮ್ಮ" ಎಂದೆ.

ಅವರ ಮುಖ ಅರಳಿತು. ಹೊಸ ಬಗೆಯ ಕೊಳವೆ ಬಂದಿದೆ, ಅದರಿಂದಲೇ ಇರಬೇಕು ಎಂದು ಆಯಾಗೆ ಹೇಳುತ್ತ ಎದ್ದು ಹೋದರು. ಪ್ರಾಯಶ್ಚಿತ್ತ ಅಂದುಕೊಂಡು ನಾನು ಮಾಡಿದ್ದು ಎರಡನೆಯ ಸುಳ್ಳು ಎಂದು ಆಗ ನನಗೆ ತಿಳಿಯಲೇ ಇಲ್ಲ.

ಅಕ್ಕ ಸತ್ತದ್ದು ಜ್ವರದಲ್ಲಿ. ಹೇಳುತ್ತೇನೆ ಹೇಳುತ್ತೇನೆ ಎಂದು ವರ್ಷಗಟ್ಟಲೆ ಮುಂದೂಡಿದ್ದನ್ನು ನಾನು ಕೊನೆಗೂ ಅವಳಿಗೆ ಹೇಳಲಿಲ್ಲ. ಕೊನೆಯ ದಿನ ಬಾಯಿಗೆ ಹೊಳೆ ನೀರು ಬಿಟ್ಟೆ. ಅವಳು ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿ ನುಂಗಿದಳು. ಆ ರುಚಿ ಅವಳಿಗೆ ಗೊತ್ತಿದ್ದದ್ದೇ.

ಆ ವರ್ಷವೇ ಡಾಕ್ಟರಮ್ಮ ಕೆಲಸದಿಂದ ನಿವೃತ್ತರಾಗುತ್ತಾರೆ ಎಂದು ಕೇಳಿ ಹೊರಟೆ. ನಾನು ತಲುಪುವಾಗ ಹೊರಗೆ ಬೀಳ್ಕೊಡುಗೆಗೆ ಕುರ್ಚಿ ಹಾಕುತ್ತಿದ್ದರು. ಅವರು ತಮ್ಮ ಕೋಣೆಯಲ್ಲಿ ಒಬ್ಬರೇ ಕೂತು ಕೊಡೆಯ ಮುರಿದ ಕಡ್ಡಿಗೆ ನೂಲು ಸುತ್ತುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಮೋರಿ, ಲೋಟ, ಹೊಳೆ ನೀರು, ಎಲ್ಲ. ಅವರ ಕೈ ನಿಂತಿತು.

"ಒಂದು ಹನಿಯೂ ಬಾಯಿಗೆ ಹೋಗಲಿಲ್ಲವಾ?"

"ಇಲ್ಲ."

"ಪೂರ್ತಿ ಅಂದಿದ್ದೆ."

"ಹೌದು."

"ನಿನ್ನ ಆಪರೇಷನ್ ಆದಾಗ?" ಎಂದರು.

"ನೋಯುತ್ತಿತ್ತು. ತುಂಬಾ."

ಅವರು ಕೊಡೆಯನ್ನು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. "ಯಾಕೆ ಚೆಲ್ಲಿದೆ?" ಎಂದರು. ಕಾರ್ಯಸ್ಥ ಎಲೆ ಕೊಟ್ಟದ್ದನ್ನು ಕಂಡು ವಿಷ ಹಾಕಿರಬಹುದು ಎಂದು ಹೆದರಿದೆ ಎಂದೆ.

"ಅದೇ ಲೋಟ ನಾನು ತಂದುಕೊಟ್ಟಿದ್ದರೆ?"

ಆ ಹೆದರಿಕೆಯ ಅಡಿಯಲ್ಲಿ ಏನಿತ್ತು ಎಂದು ನನಗೆ ಅಷ್ಟು ವರ್ಷವೂ ಗೊತ್ತಿತ್ತು. ತಲೆ ಎತ್ತಿದಾಗ ಬಾಗಿಲಲ್ಲಿ ಆಯಾ ನಿಂತಿರುವುದು ಕಂಡಿತು. ಕಂಕುಳಲ್ಲಿ ಮಣೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು.

"ಅದರಿಂದ ಗುಣ ಆಗ್ತಿತ್ತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ" ಎಂದರು ಡಾಕ್ಟರಮ್ಮ. ಅದನ್ನು ನನಗಲ್ಲ, ಕೊಡೆಗೆ ಹೇಳುವಂತೆ ಹೇಳಿದರು. "ಕೊಡ್ತಾ ಹೋಗಿದ್ದರೆ ಗೊತ್ತಾಗ್ತಿತ್ತು. ನಿನ್ನ ಮಾತು ನಂಬಿ ನಿಲ್ಲಿಸಿಬಿಟ್ಟೆ. ನೀನು ನಿನ್ನೆ ಬಂದು ಹೇಳಿದ್ದರೂ ನಿನ್ನೆ ಒಬ್ಬರಿಗೆ ಕೊಡಬಹುದಿತ್ತು. ನಾಳೆಯಿಂದ ನಾನಿಲ್ಲ."

ಆಯಾ ಮಣೆಯನ್ನು ಕಂಕುಳು ಬದಲಿಸಿದಳು. "ಪೇಷಂಟ್ ಕಾಯ್ತಿದಾರೆ" ಎಂದಳು.

ಡಾಕ್ಟರಮ್ಮ ಎದ್ದರು. ನನಗೂ ಬರಲು ಸನ್ನೆ ಮಾಡಿದರು. ವಾರ್ಡಿನ ಕೊನೆಯ ಮಂಚದಲ್ಲಿ ಹಿಂದಿನ ದಿನ ಆಪರೇಷನ್ ಆದ ಹೆಂಗಸು ಮಲಗಿದ್ದಳು. ಬಾವಲಿ ಕಡೆಯವಳು, ನಮ್ಮ ಮಾತಿನವಳು. ಆಯಾ ಅಭ್ಯಾಸದಂತೆ ಮಣೆಯನ್ನು ಡಾಕ್ಟರಮ್ಮನ ಕಾಲ ಹತ್ತಿರ ಇಟ್ಟಳು.

"ಅವನಿಗೆ ಹಾಕು" ಎಂದರು ಡಾಕ್ಟರಮ್ಮ.

ಆಯಾ ನನ್ನ ಮುಖ ನೋಡಲಿಲ್ಲ. ಮಣೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

"ಕೂತು ಕೇಳು. ಹೆಂಗಸು ಏನು ಹೇಳ್ತಾಳೋ ಅದನ್ನೇ ಹೇಳು."

ನಾನು ಕೂತೆ. ಇಡೀ ವಾರ್ಡು ನನ್ನನ್ನೇ ನೋಡುತ್ತಿರುವಂತೆ ಅನಿಸಿತು. "ಗಂಟಲು ಹೆಂಗೈತವ್ವಾ?" ಎಂದೆ. ಅವಳು ತುಟಿ ಅಲ್ಲಾಡಿಸಿದಳು. ಕೇಳಲಿಲ್ಲ. ಬಗ್ಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದೆ. ಬಿಸಿ ಗಾಳಿಯ ಹಾಗೆ ಮಾತು ಬಂತು.

ಹಿಂದೆ ಅವರಿಬ್ಬರೂ ನಿಂತಿದ್ದರು.

"ಏನಂತೆ?" ಎಂದರು ಡಾಕ್ಟರಮ್ಮ.

ನಾನು ತಿರುಗಿ ಇಬ್ಬರಿಗೂ ಕೇಳುವಂತೆ ಹೇಳಿದೆ.

"ನೋಯ್ತದಂತೆ."